ಸೊರಬಕ್ಕೆ ಬಂದ ಟಿನ್ ಲ್ಯಾಂಟರ್ನ್ಸ್

ಜನವರಿ 9, 1978, ಸೋಮವಾರ

ನಿನ್ನೆ ದಾವಣಗೆರೆಯಿಂದ ಶಿಕಾರಿಪುರಕ್ಕೆ ವಾಪಸು ಬಂದೆವು. ಕುತ್ತಿಗೆಯ ಗಂಟು ಹೋಯಿತು, ಹೊಲಿಗೆಯೂ ಒಣಗಿದೆ. ಗಂಟಿನ ಜೊತೆಗೆ ದನಿಯೂ ಹೋಯಿತು.

ಡಾಕ್ಟರು ಮೊದಲೇ ಹೇಳಿದ್ದರು, ಗಂಟು ದನಿಯ ನರಕ್ಕೆ ಅಂಟಿಕೊಂಡಿದೆ, ಬಿಡಿಸುವಾಗ ನರಕ್ಕೆ ನೋವಾಗಬಹುದು ಎಂದು. ನಿನ್ನೆ ಹೊರಡುವಾಗ, "ದನಿ ಬರುತ್ತಮ್ಮ. ಮೊದಲಿನ ಹಾಗೇ ಬರುತ್ತೆ ಅಂತ ಮಾತ್ರ ನಾನು ಹೇಳಲ್ಲ. ದಿನಾ ಗಟ್ಟಿಯಾಗಿ ಓದಿ, ಮಾತಾಡಿ. ಸುಮ್ಮನಿದ್ರೆ ನರ ಮಲಗೇಬಿಡುತ್ತೆ" ಎಂದರು.

ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು "ನಂಬರ್ ಪ್ಲೀಸ್" ಅಂದು ನೋಡಿದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇಷ್ಟು ವರ್ಷ ದಿನವಿಡೀ ಹೇಳಿದ ಮಾತು ಅದೊಂದೇ. ಹಂಡೆಯ ತಳವನ್ನು ಯಾರೋ ಕೆರೆದ ಹಾಗೆ ಕೇಳಿಸಿತು. ಮತ್ತೊಮ್ಮೆ ಅನ್ನಲು ಧೈರ್ಯ ಬರಲಿಲ್ಲ. ಬಕೆಟ್ಟಿಗೆ ನೀರು ಬಿಟ್ಟೆ, ಹೊರಗೆ ಏನೂ ಕೇಳಿಸದಿರಲಿ ಎಂದು.

ಈ ಊರಿನಲ್ಲಿ ನನ್ನ ಮುಖ ಗೊತ್ತಿರುವವರಿಗಿಂತ ದನಿ ಗೊತ್ತಿರುವವರು ಹೆಚ್ಚು. ಒಂದು ಮದುವೆಮನೆಯಲ್ಲಿ ನೀರು ಕೇಳಿದ್ದಕ್ಕೆ ಅಡಿಕೆ ವ್ಯಾಪಾರಿಯೊಬ್ಬರು ತಿರುಗಿ ನೋಡಿ, "ಅರೆ, ಎಕ್ಸ್‌ಚೇಂಜಿನ ನೀಲಾಂಬಿಕ ಅಲ್ಲೇನ್ರಿ ನೀವು? ಜೇನು ಸುರಿದಂಗೆ ಮಾತಾಡ್ತೀರಿ" ಅಂದಿದ್ದರು. ಅವರಿಗೆ ಈಗ ಏನು ಕೇಳಿಸಲಿ?

ಇವರು ಶಾಲೆಯಿಂದ ಬರುವಾಗ ಒಂದು ಸ್ಲೇಟು, ಒಂದು ಡಬ್ಬಿ ಬಳಪ ತಂದರು. ಡ್ರಾಯಿಂಗ್ ಮೇಷ್ಟ್ರಲ್ಲವೇ, ಸ್ಲೇಟಿನ ಮೂಲೆಯಲ್ಲಿ ಒಂದು ಗಿಣಿ ಬರೆದು ಕೊಟ್ಟರು. ನಾನು ಗಿಣಿಯನ್ನು ಒರೆಸಿ, "ಊಟಕ್ಕೆ ಏನು ಮಾಡಲಿ?" ಎಂದು ಬರೆದೆ.

ಜನವರಿ 10, ಮಂಗಳವಾರ

ಮಾತಾಡಲಿಲ್ಲ. ಓದಲೂ ಇಲ್ಲ.

ಜನವರಿ 17, ಮಂಗಳವಾರ

ಸಂತೆಗೆ ಇವರ ಜೊತೆ ಹೋಗಿದ್ದೆ. ಸೊಪ್ಪಿನ ಗುತ್ಯಮ್ಮ ನನ್ನನ್ನು ಕಂಡು, "ಯವ್ವಾ, ಆಸ್ಪತ್ರಿಯಿಂದ ಬಂದ್ಯಾ? ಹೆಂಗದಿ?" ಎಂದು ಕೇಳಿದಳು. ನಾನು ತಲೆಯಾಡಿಸುವ ಮೊದಲೇ ಇವರು, "ಆರಾಮಿದಾಳೆ ಗುತ್ಯಮ್ಮ, ಮಾತಾಡಂಗಿಲ್ಲ ಅಷ್ಟೆ" ಎಂದರು. ಆಮೇಲೆ ಗುತ್ಯಮ್ಮ ನನ್ನ ಕಡೆ ನೋಡಲೇ ಇಲ್ಲ. "ಮೆಂತೆ ಬೇಕಂತಾರೇನ್ರಿ? ಸಬ್ಬಸಿಗಿ ಒಯ್ತಾರೇನು?" ಎಂದು ಎಲ್ಲವನ್ನೂ ಇವರನ್ನೇ ಕೇಳಿದಳು. ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದೆ.

ಇವರದು ತಪ್ಪಲ್ಲ. ನನ್ನ ಕಣ್ಣು ನೋಡಿಯೇ ನನಗೇನು ಬೇಕು ಎಂದು ತಿಳಿದು ಹೇಳುತ್ತಾರೆ. ಹತ್ತು ಸಲದಲ್ಲಿ ಒಂಬತ್ತು ಸಲ ಸರಿಯಾಗಿಯೇ ಹೇಳುತ್ತಾರೆ. ಇವತ್ತು ನನಗೆ ಬೇಕಾಗಿದ್ದದ್ದು ಮೆಂತೆಯಲ್ಲ, ಪುಂಡಿಸೊಪ್ಪು. ಮನೆಗೆ ಬಂದು ಮೆಂತೆಪಲ್ಯ ಮಾಡಿದೆ.

ಜನವರಿ 24, ಮಂಗಳವಾರ

ಎದುರುಮನೆಯ ಅಫ್ಸರ್ ಬೇಗಂ ಹೊಲಿಗೆಯ ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಓಡಿ ಬಂದಳು. ನಾವಿಬ್ಬರೂ ಎಸ್ಸೆಸ್ಸೆಲ್ಸಿಯವರೆಗೆ ಒಂದೇ ಬೆಂಚು. ಇವಳಿಗೆ ಸಂತೋಷವಾದರೆ ಕೂರಲು ಆಗುವುದಿಲ್ಲ.

"ಏ ನೀಲಾ, ಕುಂತ್ಕೋ ಮೊದ್ಲು. ನಮ್ಮ ಮನ್ಸೂರ್ ಹೇಳಿ ಕಳ್ಸ್ಯಾನೆ. ಟಿನ್ ಲ್ಯಾಂಟರ್ನ್ಸ್ ಸೊರಬಕ್ಕೆ ಬರ್ತಾರಂತೆ!"

ನಾನು ಸ್ಲೇಟಿನಲ್ಲಿ "ಸುಳ್ಳು" ಎಂದು ಬರೆದೆ.

"ಅಲ್ಲಾಹ್ ಕಸಮ್! ಶಿವರಾತ್ರಿ ಆದ್ಮೇಲಿನ ಶನಿವಾರ. ಹೈಸ್ಕೂಲ್ ಮೈದಾನದಾಗೆ. ಯುವಕ ಸಂಘದೋರು ವಾಚನಾಲಯ ಕಟ್ಟಿಸ್ತಾರಂತೆ, ಅದಕ್ಕೆ ಈ ಪ್ರೋಗ್ರಾಮು. ಮೈಕ್‌ಸೆಟ್ ನಮ್ಮ ಮನ್ಸೂರಂದೇ."

ಅವಳ ತಮ್ಮ ಮನ್ಸೂರ್ ಸೊರಬದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾನೆ. ಅದಕ್ಕೂ ಮೊದಲು ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟ್ ಕಡೆ ಒಂದು ಸೌಂಡ್ ಕಂಪನಿಯಲ್ಲಿದ್ದ. ಅರವತ್ತಾರರಲ್ಲಿ ರಂಜಾನಿಗೆ ಊರಿಗೆ ಬಂದಾಗ ಟಿನ್ ಲ್ಯಾಂಟರ್ನ್ಸ್ ಬ್ಯಾಂಡಿನ ಆ ಪುಟ್ಟ ರೆಕಾರ್ಡು ತಂದವನು ಅವನೇ. ರಟ್ಟಿನ ಮೇಲೆ ನಾಲ್ಕು ಜನ ಗಿಟಾರು, ಡ್ರಮ್ಮಿನ ಕೋಲು ಹಿಡಿದು ಒಂದು ಅಂಗಡಿಯ ಷಟರಿನ ಮುಂದೆ ನಿಂತಿದ್ದರು. ನಡುವೆ ಕಪ್ಪು ಕನ್ನಡಕದವನು ಲಕ್ಕಿ, ಹಾಡುವವನು. ಒಂದು ಕಡೆ ಇಂಗ್ಲಿಷ್ ಹಾಡು. ಇನ್ನೊಂದು ಕಡೆ ಕನ್ನಡದ್ದು, ಕೊನೆಯ ಬಸ್ಸಿನ ಹಾಡು. ಗಿಟಾರಿಗೆ, ಡ್ರಮ್ಮಿಗೆ ಕನ್ನಡ ಕೂತದ್ದನ್ನು ನಾವಿಬ್ಬರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಅಫ್ಸರಳ ಅಬ್ಬಾ ನಮಾಜಿಗೆ ಹೋದಾಗಲೆಲ್ಲ ಆ ಹಾಡು ಹಾಕುತ್ತಿದ್ದೆವು. ಒಂದು ಸಲ ಮುಳ್ಳು ಜಾರಿ ಎರಡನೇ ಚರಣದಲ್ಲಿ ಗೀರು ಬಿತ್ತು. ಅಂದಿನಿಂದ ಹಾಡು "ಓಡಿ ಬಂದೆ ಒಬ್ಬನೇ" ಎಂಬಲ್ಲಿಂದ ನೇರ "ಬಿಟ್ಟು ಹೋಗಬ್ಯಾಡಣ್ಣ"ಕ್ಕೆ ಹಾರುತ್ತದೆ. ನಾವು ಹಾಗೇ ಕಲಿತಿದ್ದೇವೆ. ಬಸ್ಸಿನಲ್ಲಿ ಹೊರಟುಹೋದ ಹುಡುಗಿಗಾಗಿ ಅವನು ಅಳುತ್ತಿದ್ದಾನೆ ಎಂದು ನಾವಿಬ್ಬರೂ ಎಷ್ಟು ಸಲ ಮರುಗಿದ್ದೇವೆ.

ಹನ್ನೆರಡು ವರ್ಷ ರೆಕಾರ್ಡಿನಲ್ಲಿ ಕೇಳಿದವರನ್ನು ಕಣ್ಣಿನಿಂದ ನೋಡುವುದೆಂದರೆ! ಆದರೆ ಸಾವಿರ ಜನ ಸೇರುವ ಕಡೆ ಪರಿಚಯದವರು ಸಿಕ್ಕೇ ಸಿಗುತ್ತಾರೆ, ಮಾತಾಡಿಸುತ್ತಾರೆ. "ನೀನು ಹೋಗಿ ಬಂದು ಹೇಳು" ಎಂದು ಬರೆದು ತೋರಿಸಿದೆ. ಅಫ್ಸರ್ ಸ್ಲೇಟನ್ನು ಕಿತ್ತುಕೊಂಡು ತನ್ನ ಸೆರಗಿನಲ್ಲಿ ಒರೆಸಿಬಿಟ್ಟಳು.

ಫೆಬ್ರವರಿ 2, ಗುರುವಾರ

ನಮ್ಮ ಹಿರಿಯ ಆಪರೇಟರ್ ಕುತುಬುದ್ದೀನ್ ಸಾಹೇಬರು ಮನೆಗೆ ಬಂದಿದ್ದರು. ನನಗೆ ಬೋರ್ಡಿನ ಕೆಲಸ ಕಲಿಸಿದವರು ಅವರು. ಯಾವ ತಂತಿ ಯಾವ ತೂತಿಗೆ ಎಂದು ಕೈ ಹಿಡಿದು ತೋರಿಸಿದವರು.

"ಅಮ್ಮಾ, ರಜೆ ಮಾರ್ಚ್ ಇಪ್ಪತ್ತಕ್ಕೆ ಮುಗೀತದೆ. ಆವತ್ತು ಶಿವಮೊಗ್ಗದಿಂದ ದೊಡ್ಡ ಸಾಹೇಬ್ರು ಬರ್ತಾರೆ. ನಿಮ್ಮನ್ನ ಬೋರ್ಡಿನ ಮುಂದೆ ಕೂರಿಸಿ ಕೇಳ್ತಾರೆ. ದನಿ ಸರಿ ಇದ್ರೆ ಸರಿ. ಇಲ್ಲಾಂದ್ರೆ..."

ನಾನು ಬರೆದೆ: "ಒಳಗಿನ ಕೋಣೆಯಲ್ಲಿ ಕೆಲಸ ಕೊಡಿಸಿ. ಟ್ರಂಕ್ ಕಾಲಿನ ಚೀಟಿ ಜೋಡಿಸುತ್ತೇನೆ."

ಅವರು ಅದನ್ನು ಬಹಳ ಹೊತ್ತು ಓದಿದರು. "ಆ ಕೋಣೇಲಿ ಕಿಟಕಿ ಇಲ್ಲಮ್ಮ" ಎಂದರು. "ಒಂದ್ಸಲ ಒಳಗೆ ಹೋದ್ರೆ ಮತ್ತೆ ಬೋರ್ಡಿಗೆ ಕರೆಯೋದಿಲ್ಲ. ಇಪ್ಪತ್ತರವರೆಗೂ ನಾನು ಈ ಮಾತು ಕೇಳಿಲ್ಲ ಅಂತ ಇಟ್ಕೊಳ್ರಿ."

ಇವರು ಬಾಗಿಲವರೆಗೆ ಹೋಗಿ, ನನ್ನ ಪರವಾಗಿ ಅವರಿಗೆ ವಂದನೆ ಹೇಳಿ ಬಂದರು.

ಫೆಬ್ರವರಿ 11, ಶನಿವಾರ

ಚುನಾವಣೆಯ ಜೀಪುಗಳ ಮೈಕು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ತಪ್ಪಿಸಿಕೊಳ್ಳಲು ಮಧ್ಯಾಹ್ನ ಅಫ್ಸರಳ ಮನೆಗೆ ಹೋದೆ. ಅವಳು ಅಂಗಿಯ ಗುಂಡಿಮನೆ ಹೊಲಿಯುತ್ತಾ, ಇಂಗ್ಲಿಷ್ ಹಾಡಿನ ಮೊದಲಲ್ಲಿ ಬರುವ ಗಿಟಾರು ಲಕ್ಕಿಯದೇ ಎಂದಳು. ಲಕ್ಕಿ ಗಿಟಾರು ಹಿಡಿದಿರುವುದು ಫೋಟೋಕ್ಕೆ ಮಾತ್ರ, ಬಾರಿಸುವವನು ಎಡಗಡೆಯ ಉದ್ದ ಮೂಗಿನವನು ಅಂದೆ. ಅವಳು ಒಪ್ಪಲಿಲ್ಲ. ರೆಕಾರ್ಡಿನ ರಟ್ಟು ತಂದು ಮುಖದ ಮುಂದೆ ಹಿಡಿದೆ. ಉದ್ದ ಮೂಗಿನವನು ಡ್ರಮ್ಮಿನವನಂತೆ ಅವಳ ಪ್ರಕಾರ! ಡ್ರಮ್ಮಿನವನ ಕೈಯಲ್ಲಿ ಕೋಲು ಇರುವುದು ಕಾಣುವುದಿಲ್ಲವೇ? ಎರಡು ಗಂಟೆ ಇದೇ ಜಗಳ. ಮನೆಗೆ ಬಂದ ಮೇಲೆ ನೋಡಿದರೆ ಸ್ಲೇಟು ಅಡುಗೆಮನೆಯ ಕಿಟಕಿಯಲ್ಲೇ ಇತ್ತು, ಒಯ್ದಿರಲೇ ಇಲ್ಲ.

ಇವರಿಗೆ ನೆಗಡಿ. ಕಷಾಯ ಕಾಸಿದೆ.

ಫೆಬ್ರವರಿ 20, ಸೋಮವಾರ

ಮನ್ಸೂರ್ ಅಕ್ಕನನ್ನು ನೋಡಲು ಬಂದವನು ನಮ್ಮ ಮನೆಗೂ ಬಂದ. ಅವನು ಹೇಳಿದ ಸುದ್ದಿ ಇನ್ನೂ ಅರಗಿಲ್ಲ.

ಲಕ್ಕಿ ಎಂದರೆ ಲೋಕಪ್ಪ! ನಮ್ಮ ಜಡೆಯವನು. ಸೊರಬ ತಾಲ್ಲೂಕು ಜಡೆ. ಹದಿನೇಳನೇ ವಯಸ್ಸಿಗೆ ಮನೆಯಲ್ಲಿ ಹೇಳದೆ ಬಸ್ಸು ಹತ್ತಿ ಬೆಂಗಳೂರಿಗೆ ಹೋದವನಂತೆ. ಹೋಟೆಲುಗಳಲ್ಲಿ, ಕ್ಲಬ್ಬುಗಳಲ್ಲಿ ಹದಿನೈದು ವರ್ಷದಿಂದ ಹಾಡುತ್ತಿದ್ದಾನೆ, ಆದರೆ ಅವನ ಊರಿನವರು ಯಾರೂ ಒಂದು ದಿನವೂ ಕೇಳಿಲ್ಲ. ಈಗ ಸಂಘದವರು ಕೇಳಿದ ಕೂಡಲೇ ಒಪ್ಪಿಕೊಂಡದ್ದು ಅದಕ್ಕೇ. ನಾನು ದಂಡಿನ ಯಾರೋ ದೊರೆಯ ಮಗ ಎಂದುಕೊಂಡಿದ್ದೆ. ನಾವು ಗದ್ದೆಯ ಬದುವಿನ ಹುಡುಗನೊಬ್ಬನ ಹಾಡನ್ನು ಬೆಂಗಳೂರಿನಿಂದ ತರಿಸಿಕೊಂಡು ಕೇಳಿದ್ದೇವೆ.

ಹೊರಡುವಾಗ ಮನ್ಸೂರ್ ಸ್ವಲ್ಪ ಹಿಂದೆಮುಂದೆ ನೋಡಿ ಹೇಳಿದ. "ನೀಲಕ್ಕ, ಒಂದ್ ಮಾತು. ಅವ್ರ ದನಿ ರೆಕಾರ್ಡಿನಾಗ ಇದ್ದಂಗಿಲ್ಲ ಈಗ. ಸಿಗರೇಟು ಹೊಗೆ, ರಾತ್ರಿಯಿಡೀ ಹಾಡೋದು. ಮೇಲಿನ ಸ್ವರ ಹತ್ತಂಗಿಲ್ಲ. ಬೇಜಾರ್ ಮಾಡ್ಕೋಬ್ಯಾಡ್ರಿ ಅಂತ ಹೇಳ್ದೆ."

ಅದನ್ನು ಕೇಳಿದ ಮೇಲೆ ಹೋಗಲೇಬಾರದು ಅನ್ನಿಸಿತು. ಸಂಜೆಯ ಹೊತ್ತಿಗೆ, ಹೋಗಲೇಬೇಕು ಅನ್ನಿಸಿತು. ಎರಡಕ್ಕೂ ಕಾರಣ ಗೊತ್ತಿಲ್ಲ.

ಮಾರ್ಚ್ 2, ಗುರುವಾರ

ಮದುವೆಯಾದ ಮೇಲೆ ಇವರ ಜೊತೆ ಇಂಥ ಜಗಳ ಆಗಿರಲಿಲ್ಲ.

ಸೊರಬದ ವಿಷಯ ಅಫ್ಸರ್ ಬಾಯಿಬಿಟ್ಟಳು. ಇವರು ನಗುತ್ತಲೇ, "ಬೇಡಮ್ಮ ಅಫ್ಸರ್, ಇವಳಿಗೆ ಆಗಲ್ಲ. ಅಷ್ಟು ಜನ, ಧೂಳು. ಗಂಟಲಿಗೆ ಹೆಚ್ಚುಕಡಿಮೆ ಆದ್ರೆ? ಅಲ್ಲದೆ ಇವಳಿಗೇ ಹೋಗೋಕೆ ಇಷ್ಟ ಇಲ್ಲ" ಎಂದರು.

ನನಗೆ ಇಷ್ಟವಿಲ್ಲ ಎಂದು ಇವರಿಗೆ ಹೇಳಿದ್ದು ಯಾರು? ನನ್ನ ಕಣ್ಣು ನೋಡಿ ತಿಳಿದುಕೊಂಡರಂತೆ.

"ನಾನು ಹೋಗ್ತೀನಿ" ಅಂದೆ.

"ನೀಲಾ, ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದು ನಂಗೂ ಗೊತ್ತು. ಪುಂಡಿ ಬೇಕಾದಾಗ ಮೆಂತೆ ತರ್ತೀರಿ. ಕೇಳಿದೀರಾ ಒಂದಿನಾದ್ರೂ? ನಾನು ಹೋಗ್ತೀನಿ, ನೀವು ಬರೋದಾದ್ರೆ ಬರ್ರಿ, ಇಲ್ಲಾಂದ್ರೆ ಮನೇಲಿ ಗಿಣಿ ಬರ್ಕೊಂಡು ಕೂತಿರ್ರಿ."

ಇವರು ನನ್ನನ್ನೇ ನೋಡುತ್ತಾ ನಿಂತುಬಿಟ್ಟರು. ಅಫ್ಸರ್ ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಂತಳು. ಅವಳ ಭುಜ ಅಲುಗುತ್ತಿತ್ತು, ನಗುತ್ತಿದ್ದಳೋ ಅಳುತ್ತಿದ್ದಳೋ. ಅಷ್ಟು ಕಟುವಾಗಿ ಹೇಳಬಾರದಿತ್ತು. ಗಿಣಿಯ ಮಾತು ಬೇಕಿರಲಿಲ್ಲ. ಇವರು ಊಟ ಮಾಡುವಾಗಲೂ ನನ್ನ ಮುಖ ನೋಡಿ ನೋಡಿ ಏನೋ ಯೋಚಿಸುತ್ತಿದ್ದರು. ಸಿಟ್ಟು ಇಳಿದಿಲ್ಲವೋ ಏನೋ. ಕೊನೆಗೆ, "ನಾನೂ ಬರ್ತೀನಿ. ಆ ಬೊಬ್ಬೆ ಎಂಥದ್ದು ನೋಡೋಣ" ಎಂದರು.

ಮಾರ್ಚ್ 12, ಭಾನುವಾರ

ಸೊರಬದಿಂದ ಮಧ್ಯಾಹ್ನದ ಬಸ್ಸಿಗೆ ಬಂದೆವು. ಬಟ್ಟೆ ಕೂಡ ಬದಲಿಸದೆ ಬರೆಯಲು ಕೂತಿದ್ದೇನೆ.

ನಿನ್ನೆ ಶಿರಾಳಕೊಪ್ಪದ ಮೇಲೆ ಹೋಗಿ ಇಳಿದಾಗ ನಾಲ್ಕಾಗಿತ್ತು. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಮೈಕು ಕಟ್ಟಿದ ಎತ್ತಿನಗಾಡಿಯೊಂದು, "ಬೆಂಗಳೂರಿನ ಸುಪ್ರಸಿದ್ಧ ಲಾಟೀನು ಆರ್ಕೆಸ್ಟ್ರಾ!" ಎಂದು ಕೂಗುತ್ತಾ ಸುತ್ತುತ್ತಿತ್ತು. ಮೈದಾನ ತುಂಬಿತ್ತು. ಸಿನಿಮಾ ಹಾಡು ಇರುತ್ತದೆ ಎಂದು ಬಂದವರೇ ಹೆಚ್ಚು. ಮುಂದಿನ ಕುರ್ಚಿಯಲ್ಲಿ ಕೆಂಪು ಇಳಕಲ್ ಸೀರೆಯ ಹೆಂಗಸೊಬ್ಬಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. "ಅವರೇ ದುರ್ಗಮ್ಮ, ಲೋಕಪ್ಪನ ಅಕ್ಕ. ಜಡೆಯಿಂದ ಮಧ್ಯಾಹ್ನವೇ ಬಂದು ಕುಂತಾರೆ" ಎಂದ ಮನ್ಸೂರ್.

ನಾಲ್ವರು ವೇದಿಕೆಗೆ ಬಂದರು. ರಟ್ಟಿನ ಮೇಲಿನ ಹುಡುಗರು ಎಲ್ಲಿ? ಉದ್ದ ಮೂಗಿನವನ ತಲೆ ಪೂರ್ತಿ ಬೋಳು. ಡ್ರಮ್ಮಿನವನಿಗೆ ಹೊಟ್ಟೆ ಬಂದಿದೆ. ಲೋಕಪ್ಪನಿಗೆ ಕಪ್ಪು ಕನ್ನಡಕವಿಲ್ಲ, ಓದುವ ಕನ್ನಡಕವಿದೆ. ಆದರೂ ಅವರೇ. ಬೋಳುತಲೆಯವನು ಗಿಟಾರಿನಿಂದ ಇಂಗ್ಲಿಷ್ ಹಾಡಿನ ಆ ಮೊದಲ ನಾಲ್ಕು ಸ್ವರ ಎಬ್ಬಿಸಿದ. ನಾನು ಅಫ್ಸರಳ ಕಡೆ ತಿರುಗಿದೆ. "ಆತು ಬಿಡೇ, ನೀನೇ ಗೆದ್ದೆ" ಎಂದಳು.

ಆ ಗಿಟಾರು ಎದೆಯ ಎಲುಬಿಗೆ ಬಂದು ತಾಗುತ್ತದೆ ಎಂದು ರೆಕಾರ್ಡಿನಲ್ಲಿ ಹೇಗೆ ತಿಳಿಯಬೇಕು! ಕಾಲ ಕೆಳಗಿನ ನೆಲವೇ ಗುಂಯ್ ಎನ್ನುತ್ತಿತ್ತು. ಆದರೆ ಲೋಕಪ್ಪ ಹಾಡಲು ಶುರು ಮಾಡಿದ ಮೇಲೆ ನನಗೆ ಅಳು ಬಂತು. ರೆಕಾರ್ಡಿನಲ್ಲಿ ಆ ಹಾಡು ಗಾಳಿಪಟದ ಹಾಗೆ ಏರುವ ಜಾಗದಲ್ಲಿ ಅವನ ದನಿ ಒಡೆಯಿತು. ಎರಡನೇ ಸಲ ಅವನು ಪ್ರಯತ್ನಿಸಲೇ ಇಲ್ಲ, ಬಾಯಿ ಮುಚ್ಚಿ ಗಿಟಾರಿನವನಿಗೆ ಬಿಟ್ಟುಕೊಟ್ಟ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿ, "ಸಿನಿಮಾ ಹಾಡು ಹಾಡ್ರೋ!" ಎಂದರು. ಯಾಕಾದರೂ ಬಂದೆನೋ ಅನ್ನಿಸಿತು. ಮುರಿದದ್ದನ್ನು ಹೀಗೆ ಎಲ್ಲರ ಮುಂದೆ ಇಡಬೇಕೇ? ಮನೆಯಲ್ಲಿ ಕೂರಬಾರದೇ? ಇವರು ಮೆಲ್ಲಗೆ, "ಹೋಗೋಣವಾ?" ಎಂದರು. ನಾನು ಎದ್ದೂ ಆಗಿತ್ತು.

ಆಗ ಕರೆಂಟು ಹೋಯಿತು.

ಹೊತ್ತು ಮುಳುಗುತ್ತಿತ್ತು. ಗಿಟಾರುಗಳು ಒಮ್ಮೆಲೇ ಸತ್ತುಹೋದವು. ಜನ "ಹೋ" ಎಂದರು. "ಲಾಟೀನು ಹಚ್ರೋ ಲಾಟೀನಿನೋರೇ!" ಎಂದು ಒಬ್ಬ ಕೂಗಿದ, ಮೈದಾನವೆಲ್ಲ ನಕ್ಕಿತು. ಮನ್ಸೂರ್ ಪಕ್ಕದ ಮಿಠಾಯಿ ಅಂಗಡಿಯಿಂದ ಪೆಟ್ರೋಮ್ಯಾಕ್ಸ್ ತರಲು ಓಡಿದ. ಕೆಲವರು ಮನೆಯ ದಾರಿ ಹಿಡಿದರು. ಲೋಕಪ್ಪ ಮೈಕನ್ನು ಅಲ್ಲೇ ಬಿಟ್ಟು, ವೇದಿಕೆಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತ. ತೊಡೆಯ ಮೇಲೆ ಕರೆಂಟು ಬೇಕಿಲ್ಲದ ಹಳೆಯ ಗಿಟಾರು. ಕನ್ನಡಕ ತೆಗೆದು ಜೇಬಿಗಿಟ್ಟ. ಕೊನೆಯ ಬಸ್ಸಿನ ಹಾಡು ಎತ್ತಿಕೊಂಡ.

ಮೇಲೆ ಅಲ್ಲ, ಕೆಳಗೆ. ಮನೆಯ ಕಟ್ಟೆಯಲ್ಲಿ ಕೂತು ಮಾತಾಡುವ ಹಾಗೆ. ಒರಟು ದನಿ, ಆದರೆ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ನಾನು ಎದ್ದವಳು ನಿಂತೇ ಇದ್ದೆ. ಎರಡನೇ ಚರಣ ಬಂತು. "ಓಡಿ ಬಂದೆ ಒಬ್ಬನೇ" ಎಂದ. ನಾನೂ ಅಫ್ಸರೂ ಒಬ್ಬರನ್ನೊಬ್ಬರು ಹಿಡಿದುಕೊಂಡೆವು. ಇಲ್ಲಿಂದ ಮುಂದೆ ನಮ್ಮ ಗೀರು.

"ಕಂಕುಳಾಗೆ ಕೋಳಿ ಐತೆ, ಅದಕೂ ಅರ್ಧ ಟಿಕೇಟು!"

ಕೋಳಿ! ಹನ್ನೆರಡು ವರ್ಷ ನಾವು ಕಣ್ಣೀರು ಹಾಕಿದ್ದು ಒಂದು ಕೋಳಿಗೆ. ಹುಡುಗಿಯೂ ಇಲ್ಲ, ಅಗಲಿಕೆಯೂ ಇಲ್ಲ. ಅಫ್ಸರ್ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಜನವೂ ನಕ್ಕರು. ಮನೆಗೆ ಹೊರಟವರು ನಿಂತರು.

ಹಾಡಿನ ಕೊನೆಯಲ್ಲಿ ಅವನೊಂದು ಕೇಳಬೇಕು, ಉಳಿದವರೊಂದು ಹೇಳಬೇಕು. ರೆಕಾರ್ಡಿನಲ್ಲಿ ಅದನ್ನು ಹೇಳುವವರು ಬ್ಯಾಂಡಿನವರು. ನಿನ್ನೆ ಅವನು ಜನರ ಕಡೆಗೆ ಮುಖವೆತ್ತಿ, "ಹೊಂಟೈತೇ?" ಎಂದ.

ಯಾರಿಗೂ ಗೊತ್ತಿಲ್ಲ. ಅವನು ಕಾದ. ಮತ್ತೆ, "ಹೊಂಟೈತೇ?"

"ನಿಲ್ಸಣ್ಣಾ!" ಎಂದು ಕೂಗಿದೆ.

ಅವನು ಕತ್ತೆತ್ತಿ ಹುಡುಕಿದ. ಮುಂದಿನ ಸಾಲಿನವರು ತಿರುಗಿ ನೋಡಿದರು. "ಹೊಂಟೈತೇ?" ಎಂದ, ಈ ಸಲ ನಮ್ಮ ದಿಕ್ಕಿಗೇ. ನಾನು, ಅಫ್ಸರ್, ಹಿಂದಿನ ಸಾಲಿನ ಕಾಲೇಜು ಹುಡುಗಿಯರು ಕೂಗಿದೆವು. ಮುಂದಿನ ಸಲ ಇಡೀ ಮೈದಾನ. ಬೊಬ್ಬೆ ನೋಡಲು ಬಂದ ನಮ್ಮ ಮೇಷ್ಟ್ರು ಅತ್ಯಂತ ಅಪಸ್ವರದಲ್ಲಿ, ಎಲ್ಲರಿಗಿಂತ ಅರ್ಧ ತಾಳ ಹಿಂದೆ, ಕೈ ಮೇಲೆತ್ತಿ "ನಿಲ್ಸಣ್ಣಾ" ಎನ್ನುತ್ತಿದ್ದರು. ಪೆಟ್ರೋಮ್ಯಾಕ್ಸ್ ಬಂದ ಮೇಲೂ, ಕರೆಂಟು ಬಂದ ಮೇಲೂ ಜನ ಅದನ್ನೇ ಮತ್ತೆ ಹಾಡಿಸಿದರು.

ಆಮೇಲೆ ಮನ್ಸೂರನ ಮನೆಯಲ್ಲಿ ಎಲ್ಲರಿಗೂ ಊಟ. ಮಾಂಸ ತಿನ್ನದ ಇವರಿಗೂ ನನಗೂ ಬೇರೆ ಒಲೆಯಲ್ಲಿ ಅನ್ನ, ಬೇಳೆಸಾರು ಮಾಡಿಸಿದ್ದ. ಲೋಕಪ್ಪನನ್ನು ಅಷ್ಟು ಹತ್ತಿರದಿಂದ ನೋಡಿ ನನಗೆ ಏನು ಮಾಡಲೂ ತೋಚಲಿಲ್ಲ, ಲೋಟಗಳನ್ನು ಸಾಲಾಗಿ ಇಡುತ್ತಿದ್ದೆ. ಅವನೇ ಕೇಳಿದ.

"ಮೊದ್ಲು ಕೂಗಿದ್ದು ನೀವಲ್ವಾ? ನಿಮಗೆ ಆ ಹಾಡು ಹೆಂಗೆ ಗೊತ್ತು?"

ಇವರು, "ಇವಳಿಗೆ ಗಂಟಲು ಆಪರೇಷನ್ ಆಗಿ..." ಎಂದು ಶುರು ಮಾಡಿದರು.

"ನಾನೇ ಹೇಳ್ತೀನಿ ಬಿಡ್ರಿ" ಎಂದು ರೆಕಾರ್ಡಿನ ಕಥೆ, ಗೀರಿನ ಕಥೆ, ಹುಡುಗಿಗಾಗಿ ಅತ್ತ ಕಥೆ ಎಲ್ಲ ಹೇಳಿದೆ. ಲೋಕಪ್ಪ ಕೆಮ್ಮು ಬರುವವರೆಗೆ ನಕ್ಕ. ಅವನ ಅಕ್ಕ ದುರ್ಗಮ್ಮ ಮಾತ್ರ ನಗಲಿಲ್ಲ.

"ಎಂತ ನಗ್ತಿಯೋ? ಅದು ನನ್ನ ಕೋಳಿ" ಎಂದಳು. "ಇವ ಓಡಿಹೋದ ದಿನ ಬುಟ್ಟಿ ಎತ್ತಿ ನೋಡಿದ್ರೆ ಕೋಳಿ ಇಲ್ಲ, ಇವನೂ ಇಲ್ಲ. ಇಷ್ಟು ವರ್ಷ ನರಿ ಹಿಡೀತು ಅಂತ ಮಾಡಿದ್ದೆ ಮಾರಾಯ್ತಿ! ಇವತ್ತು ಊರೆಲ್ಲರ ಎದುರಿಗೆ ಹಾಡಿ ಹೇಳ್ತಾನೆ."

"ಬೆಂಗಳೂರಿಗೆ ಹೋಗೋಕೆ ಬಸ್ ಚಾರ್ಜು ಬೇಕಿತ್ತಲ್ಲಕ್ಕ."

"ಕೇಳಿದ್ರೆ ಕೊಡ್ತಿರಲಿಲ್ವನ ನಾನು?" ಎಂದಳು ದುರ್ಗಮ್ಮ. ಆಮೇಲೆ ಅವನ ತಟ್ಟೆಗೆ ಮತ್ತೊಂದು ಸೌಟು ಅನ್ನ ಹಾಕಿದಳು.

ಲೋಕಪ್ಪ ನನ್ನ ಕುತ್ತಿಗೆಯ ಗುರುತು ನೋಡಿ, "ನಂದೂ ಹೋತು, ನೋಡಿದ್ರಲ್ಲ" ಎಂದ. "ಮೂರು ವರ್ಷ ಎಲ್ರ ಮೇಲೂ ಸಿಟ್ಟು. ಹಳೇ ಎತ್ತರಕ್ಕೇ ಹಾಡ್ತೀನಿ ಅಂತ ಹಟ. ಇವನು," ಎಂದು ಬೋಳುತಲೆಯವನನ್ನು ತೋರಿಸಿ, "ಒಂದಿನ ಹೇಳ್ದೇನೆ ಗಿಟಾರಿನ ಶ್ರುತಿ ಇಳಿಸಿಬಿಟ್ಟ. ಹಾಡು ಅಲ್ಲೇ ಕೆಳಗೆ ನಂಗೆ ಕಾಯ್ತಾ ಕೂತಿತ್ತು. ಆ ಇಂಗ್ಲಿಷಿಂದು ಒಂದು ಮಾತ್ರ ಇನ್ನೂ ಇಳಿಸೋಕೆ ಮನಸ್ಸು ಬಂದಿಲ್ಲ."

"ಇಳಿಸಿಬಿಡ್ರಿ" ಅಂದೆ.

"ಆಯ್ತು" ಎಂದ, ಮನೆಯ ಹಿರಿಯರಿಗೆ ಹೇಳುವ ಹಾಗೆ.

ಗಂಟಲು ಇವತ್ತು ಸ್ವಲ್ಪ ಉರಿಯುತ್ತಿದೆ. ಆ ಮೈದಾನದ ಧೂಳು ಇರಬೇಕು.

ಮಾರ್ಚ್ 15, ಬುಧವಾರ

ಇವರು ನಡುಮನೆಯಲ್ಲಿ, ನಾನು ಅಡುಗೆಮನೆಯಲ್ಲಿ. ಇವರು ಗಿರಾಕಿ, ನಾನು ಆಪರೇಟರ್. "ನಂಬರ್ ಪ್ಲೀಸ್" ಎಂಬುದನ್ನು ಮೊದಲು ಕೊನೆಯಲ್ಲಿ ಮೇಲಕ್ಕೆ ಎಳೆಯುತ್ತಿದ್ದೆ. ಅಲ್ಲೇ ಒಡೆಯುತ್ತದೆ. ಈಗ ಕೊನೆಯನ್ನು ಕೆಳಗೆ ಬಿಡುತ್ತೇನೆ, ನಿಧಾನವಾಗಿ. ಒಡೆಯುವುದಿಲ್ಲ.

ಇವರಂಥ ಕೆಟ್ಟ ಗಿರಾಕಿ ಈ ತಾಲ್ಲೂಕಿನಲ್ಲಿ ಇಲ್ಲ. ಕೇಳಿದ ನಂಬರು ಮರೆಯುತ್ತಾರೆ. ಲಂಡನ್ನಿನ ಮಹಾರಾಣಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಅನ್ನುತ್ತಾರೆ.

ಮಾರ್ಚ್ 20, ಸೋಮವಾರ

ಶಿವಮೊಗ್ಗದ ಸಾಹೇಬರು ಬಂದರು. ಬಿಳಿ ಪ್ಯಾಂಟು, ಗಂಭೀರ ಮುಖ. ನನ್ನನ್ನು ಬೋರ್ಡಿಗೆ ಕೂರಿಸಿ, ತಾವು ಅಂಚೆ ಕಚೇರಿಯ ಫೋನಿನಿಂದ ಕೇಳಲು ಹೋದರು. ಹೆಡ್‌ಸೆಟ್ಟು ಹಾಕಿಕೊಂಡೆ. ಕುತುಬುದ್ದೀನ್ ಸಾಹೇಬರು ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದರು, ತಸ್ಬಿಯ ಜಪಮಣಿಗಳು ಮಾತ್ರ ಬೆರಳಲ್ಲಿ ಓಡುತ್ತಿದ್ದವು.

ದೀಪ ಬೆಳಗಿತು. ತಂತಿ ಚುಚ್ಚಿದೆ. "ನಂಬರ್ ಪ್ಲೀಸ್." ಕೆಳಗೆ, ನಿಧಾನವಾಗಿ.

ಬೇಕೆಂದೇ ಅವರು ಕಷ್ಟದ ನಂಬರುಗಳನ್ನು, ಕಷ್ಟದ ಊರುಗಳನ್ನು ಕೇಳಿದರು. ನಡುವೆ ಒಂದು ಸಲ ದನಿ ಕೈಕೊಟ್ಟಿತು. ಉಗುಳು ನುಂಗಿ, "ಕ್ಷಮಿಸಿ, ಇನ್ನೊಮ್ಮೆ ಹೇಳ್ತೀನಿ" ಎಂದು ಮತ್ತೆ ಹೇಳಿದೆ. ವಾಪಸು ಬಂದವರು ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಕನ್ನಡಕ ಒರೆಸಿದರು.

"ದನಿ ದಪ್ಪ ಆಗಿದೆ" ಎಂದರು. "ಆದ್ರೆ ಮಾತು ಸ್ಪಷ್ಟ ಇದೆ. ಹೋದ ಸಲ ಬಂದಾಗ ನೀವು ಬೇಗಬೇಗ ಮಾತಾಡ್ತಿದ್ರಿ, ನಂಗೆ ಅರ್ಧ ತಿಳೀತಿರಲಿಲ್ಲ. ಮೂರು ತಿಂಗಳು ಬೋರ್ಡಿನಲ್ಲೇ ಇರಿ. ಆಮೇಲೆ ನೋಡೋಣ."

"ಆಮೇಲೆ ಯಾಕೆ ಸರ್? ಈಗಲೇ ಬರ್ಕೊಡ್ರಿ" ಅಂದೆ. ಕುತುಬುದ್ದೀನ್ ಸಾಹೇಬರು ಕೆಮ್ಮಿದರು. ಸಾಹೇಬರು ನಕ್ಕುಬಿಟ್ಟರು, ಬರೆದು ಮಾತ್ರ ಕೊಡಲಿಲ್ಲ. ಇರಲಿ.

ಏಪ್ರಿಲ್ 4, ಮಂಗಳವಾರ

ಬಹಳ ದಿನದಿಂದ ಬರೆದಿಲ್ಲ. ಪುರುಸೊತ್ತೇ ಆಗುವುದಿಲ್ಲ.

ಇವತ್ತು ಮಧ್ಯಾಹ್ನ ಲೈನು ತುಂಬ ಕೆಟ್ಟಿತ್ತು. ಈಸೂರಿನ ಆನಂದಪ್ಪ ಎಂಬ ರೈತ ಅಂಚೆ ಕಚೇರಿಗೆ ಬಂದು ಫೋನು ಹಿಡಿದಿದ್ದ. ಮಗಳನ್ನು ಹೆರಿಗೆಗೆ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದರಂತೆ, ಎರಡು ದಿನದಿಂದ ಸುದ್ದಿ ಇಲ್ಲ. ಶಿವಮೊಗ್ಗಕ್ಕೆ ಕೂಗಿದರೆ ಅವರಿಗೆ ನಮ್ಮದು ಕೇಳಿಸದು, ಅವರದು ನಮಗೆ ಕೇಳಿಸದು. ಸಾಗರದ ಎಕ್ಸ್‌ಚೇಂಜಿನ ಕಡೆಯಿಂದ ಲೈನು ಸುತ್ತು ಹಾಕಿಸಿ ಆಸ್ಪತ್ರೆಯನ್ನು ಹಿಡಿದೆ. ಆನಂದಪ್ಪನ ಮಾತು ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ಕೊನೆಗೆ ನಾನೇ ನಡುವೆ ನಿಂತು, ಅವನು ಹೇಳಿದ್ದನ್ನು ಅಲ್ಲಿಗೆ, ಅಲ್ಲಿ ಹೇಳಿದ್ದನ್ನು ಅವನಿಗೆ ಕೂಗಿ ಹೇಳಿದೆ. ನರ್ಸು ಬೇಗ ತಪ್ಪಿಸಿಕೊಳ್ಳಲು ನೋಡಿದಳು. ಗದರಿಸಿ ನಿಲ್ಲಿಸಿದೆ.

"ಹೆಣ್ಣುಮಗು ಆನಂದಪ್ಪ! ಮಗಳೂ ಆರಾಮದಾಳಂತೆ!"

ಅವನು ಅದನ್ನು ಅಂಚೆ ಕಚೇರಿಯವರಿಗೆಲ್ಲ ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ, "ನಿಮ್ಮ ಉಪಕಾರ ಮರೆಯಂಗಿಲ್ಲ ಸಾರ್" ಎಂದ.

"ಸಾರ್ ಅಲ್ಲಪ್ಪ, ಮೇಡಮ್ಮು" ಅಂದೆ.

"ಹೌದ್ರಾ? ತಪ್ಪಾತು ಮೇಡಮ್ಮಾರೆ. ದನಿ ಗಟ್ಟಿ ಐತಿ ನಿಮ್ದು, ಅದಕ್ಕ..."

"ಇರ್ಲಿ ಬಿಡು. ಮೊಮ್ಮಗಳಿಗೆ ಏನ್ ಹೆಸರಿಡ್ತೀಯ?"

ಹೆಸರಿನ ಬಗ್ಗೆ ಅವನಿಗೂ ಬೀಗರಿಗೂ ಇರುವ ಜಗಳವನ್ನೆಲ್ಲ ಅವನು ಹೇಳುತ್ತಾ ಹೋದ. ಕುತುಬುದ್ದೀನ್ ಸಾಹೇಬರು ಬಂದು ಇನ್ನೊಂದು ದೀಪವನ್ನು ತೋರಿಸುವವರೆಗೆ ನಾನು ಕೇಳುತ್ತಾ ಕೂತಿದ್ದೆ.

ಸಂಜೆ ಮನೆಗೆ ಬಂದು ಇವರಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಸಾಗರದ ಆಪರೇಟರ್ ಏನಂದ, ನರ್ಸು ಏನಂದಳು, ಮಗುವಿಗೆ ವರದಮ್ಮ ಎಂದಿಡಬೇಕೋ ಬೇರೆ ಹೊಸ ಹೆಸರು ಇಡಬೇಕೋ. ಇವರು ಪರೀಕ್ಷೆಯ ಚಿತ್ರಗಳಿಗೆ ಅಂಕ ಹಾಕುತ್ತಾ ಕೂತಿದ್ದವರು ತಲೆ ಎತ್ತಿ, "ನೀಲಾ, ಐದು ನಿಮಿಷ ಸುಮ್ನಿರ್ತೀಯಾ ಮಾರಾಯ್ತಿ? ಎರಡು ಸಲ ತಪ್ಪು ಹಾಕಿದೆ" ಎಂದರು.

ನನಗೆ ಎಂಥ ಸಿಟ್ಟು ಬಂತೆಂದರೆ! ದಿನವಿಡೀ ದುಡಿದು ಬಂದವಳು ಮನೆಯಲ್ಲಿ ಎರಡು ಮಾತು ಆಡಬಾರದೇ? ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಇವರು ಪೆನ್ನು ಕೆಳಗಿಟ್ಟು, ಗಲ್ಲಕ್ಕೆ ಕೈ ಕೊಟ್ಟು, ಒಂದೂ ಮಾತಾಡದೆ ಕೇಳುತ್ತಾ ಕೂತರು. ಬೈಸಿಕೊಳ್ಳುವಾಗಲೂ ಮುಖದಲ್ಲಿ ನಗು. ಗಂಡಸರು ಅರ್ಥವೇ ಆಗುವುದಿಲ್ಲ.